ಹಡಗು ಮತ್ತು ದಡದ ನಡುವಿನ ನೀರು

ಸಾಂಟೊರಿನಿಯಲ್ಲಿ ದೊಡ್ಡ ಹಡಗಿಗೆ ಲಂಗರು ಹಾಕಲು ಸರಿಯಾದ ನೆಲವೇ ಸಿಗುವುದಿಲ್ಲ. ಗ್ರೀಸಿನ ಈ ದ್ವೀಪ ಅಸಲಿಗೆ ಒಂದು ಜ್ವಾಲಾಮುಖಿಯ ಅಂಚು. ಸುಮಾರು 3600 ವರ್ಷಗಳ ಹಿಂದೆ ಅದು ಭಯಂಕರವಾಗಿ ಸಿಡಿಯಿತು. ನಡುವಿನ ನೆಲ ಕುಸಿದು ಅಲ್ಲಿ ಸಮುದ್ರ ತುಂಬಿಕೊಂಡಿತು. ಈಗ ಅಲ್ಲಿ ಕೆಲವು ಕಡೆ ನೀರಿನ ಆಳ 300 ಮೀಟರಿಗೂ ಜಾಸ್ತಿ. ದಡದಲ್ಲಿ ಮರಳಿಲ್ಲ, ನೆಟ್ಟಗೆ ನಿಂತ ಬಂಡೆಯ ಗೋಡೆ ಇದೆ. ಅದರ ನೆತ್ತಿಯ ಮೇಲೆ ಫಿರಾ ಊರಿನ ಬಿಳಿ ಮನೆಗಳು. ಹಾಗಾಗಿ ಇಲ್ಲಿಗೆ ಬರುವ ಹೆಚ್ಚಿನ ಕ್ರೂಸ್ ಹಡಗುಗಳು ತಮ್ಮ ಎಂಜಿನ್ ಮತ್ತು ಥ್ರಸ್ಟರ್‌ಗಳ (ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರಗಳ) ಬಲದಿಂದಲೇ ಒಂದು ಜಾಗದಲ್ಲಿ ನಿಂತಿರುತ್ತವೆ. ಲಂಗರಿಲ್ಲ, ಹಡಗು ಬಂದು ತಾಗಿ ನಿಲ್ಲುವ ಕಟ್ಟೆ, ಅಂದರೆ ಧಕ್ಕೆ ಇಲ್ಲ, ಹಗ್ಗ ಕಟ್ಟಲು ಕಂಬ ಇಲ್ಲ.

ಒಳಗೆ ಎರಡು ಮೂರು ಸಾವಿರ ಜನ ತಿಂಡಿ ತಿಂದು, ಟೋಪಿ ಹಾಕಿಕೊಂಡು, ಇಳಿಯಲು ರೆಡಿಯಾಗಿರುತ್ತಾರೆ. ಅವರನ್ನೆಲ್ಲ ದಡ ಸೇರಿಸುವುದು ಸಣ್ಣ ದೋಣಿಗಳು. ಹಡಗಿನವರು ಇದಕ್ಕೆ ಟೆಂಡರ್ ಅನ್ನುತ್ತಾರೆ. ಈಚೆಗೆ ನಮ್ಮವರೂ ಕ್ರೂಸ್‌ಗೆ ಹೋಗುವುದು ಜಾಸ್ತಿಯಾಗಿದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ಆಸೆಪಡುವ ಮಕ್ಕಳು ತುಂಬ ಜನ ಇದ್ದಾರೆ. ನಾನೂ ಹಾಗೆ ಹೋದವಳೇ. ಊಟ, ರೂಮು, ವೀಸಾ ಎಲ್ಲದರ ಬಗ್ಗೆಯೂ ಬರೆದಿದ್ದಾರೆ. ಈ ದೋಣಿಯ ಬಗ್ಗೆ ಯಾರೂ ಸರಿಯಾಗಿ ಬರೆದದ್ದು ನನಗೆ ಸಿಗಲಿಲ್ಲ. ಅದಕ್ಕೇ ಈ ಬರಹ.

ಕರಾವಳಿಯವರಿಗೆ ಇದು ಅಷ್ಟೇನೂ ಹೊಸದಲ್ಲ. ಮಲ್ಪೆಯಿಂದ ಸೈಂಟ್ ಮೇರಿಸ್ ದ್ವೀಪಕ್ಕೆ ಹೋದವರಿಗೆ ಗೊತ್ತು. ದೊಡ್ಡ ಬೋಟು ದ್ವೀಪದ ತನಕ ಹೋಗುವುದಿಲ್ಲ. ನೀರು ಕಡಿಮೆ, ಅಡಿಯಲ್ಲಿ ಕಲ್ಲು. ಸ್ವಲ್ಪ ದೂರದಲ್ಲಿ ನಿಲ್ಲಿಸಿ ಚಿಕ್ಕ ದೋಣಿಗೆ ದಾಟಿಸುತ್ತಾರೆ. ಮಂಗಳೂರಿನ ಹಳೆ ಬಂದರಿನ ಕಥೆಯೂ ಇಂಥದ್ದೇ. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳು ದಿಬ್ಬ ಇದ್ದದ್ದರಿಂದ ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ನಿಲ್ಲುತ್ತಿದ್ದವು. ಹಂಚು, ಕಾಫಿ ಎಲ್ಲವೂ ಸಣ್ಣ ದೋಣಿಗಳಲ್ಲೇ ಹಡಗಿಗೆ ಹೋಗಬೇಕಿತ್ತು. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ಹಡಗು ಧಕ್ಕೆಗೇ ಬಂದು ನಿಲ್ಲುವಂತಾಯಿತು. ಈಗ ಅಲ್ಲಿಗೆ ಬರುವ ವಿದೇಶಿ ಕ್ರೂಸ್ ಪ್ರವಾಸಿಗರು ಮೆಟ್ಟಿಲು ಇಳಿದು ಸೀದಾ ಬಸ್ಸು ಹತ್ತುತ್ತಾರೆ. ಲಕ್ಷದ್ವೀಪದಲ್ಲಿ ಮಾತ್ರ ಹಳೆ ಪದ್ಧತಿ ಇನ್ನೂ ಇದೆ. ಕೊಚ್ಚಿಯಿಂದ ಹೋಗುವ ಹಡಗು ಎಷ್ಟೋ ಕಡೆ ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಮಕ್ಕಳು, ಮುದುಕರು, ಅಕ್ಕಿ ಮೂಟೆ ಎಲ್ಲ ದೋಣಿಗೆ ಇಳಿಯಬೇಕು. ಆ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಈಗ ಲಂಗರಿನ ವಿಷಯ. 300 ಮೀಟರ್ ಆಳದಲ್ಲಿ ಯಾಕೆ ಲಂಗರು ಹಾಕಲಾಗದು? ಲಂಗರಿನ ಕೊಕ್ಕೆ ಎಷ್ಟು ಮುಖ್ಯವೋ ಅದಕ್ಕೆ ಕಟ್ಟಿದ ಸರಪಳಿಯೂ ಅಷ್ಟೇ ಮುಖ್ಯ. ನೀರಿನ ಆಳದ ಹಲವು ಪಟ್ಟು ಉದ್ದದ ಸರಪಳಿ ಬಿಡಬೇಕು. ಆಗ ಸರಪಳಿಯ ಒಂದು ಭಾಗ ತಳದಲ್ಲಿ ಮಲಗುತ್ತದೆ. ಹಡಗು ಜಗ್ಗಿದಾಗ ಲಂಗರಿನ ಮೇಲೆ ಎಳೆತ ಅಡ್ಡಡ್ಡ ಬೀಳುತ್ತದೆ, ಅದು ಮಣ್ಣನ್ನು ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಸರಪಳಿ ಸಾಲದೆ ಎಳೆತ ಮೇಲ್ಮುಖವಾದರೆ ಕಿತ್ತು ಬರುತ್ತದೆ. ಅಷ್ಟು ಆಳಕ್ಕೆ ಬೇಕಾಗುವಷ್ಟು ಸರಪಳಿ ಯಾವ ಕ್ರೂಸ್ ಹಡಗಿನಲ್ಲೂ ಇರುವುದಿಲ್ಲ. ಲಂಗರು ಹಾಕಿದ ಕಡೆಯೂ ಹಡಗು ಸುಮ್ನೆ ನಿಂತಿರುವುದಿಲ್ಲ. ಗಾಳಿ ಮತ್ತು ನೀರಿನ ಸೆಳೆತ ತಿರುಗಿದ ಹಾಗೆ ಲಂಗರಿನ ಸುತ್ತ ತಾನೂ ತಿರುಗುತ್ತದೆ. ಆದ್ದರಿಂದ ಸುತ್ತಲೂ ಖಾಲಿ ಜಾಗ ಬೇಕು. ಕೆಳಗೆ ಹವಳ ಇದ್ದರೆ ಸರಪಳಿ ಅದನ್ನು ಉಜ್ಜಿ ಪುಡಿ ಮಾಡಿಬಿಡುತ್ತದೆ.

ಬೆಳಗ್ಗೆ ಹಡಗು ನಿಂತ ಮೇಲೆ ಮೊದಲು ಸ್ಥಳೀಯ ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿಗೆ ಕೊಡುತ್ತಾರೆ. ಅಲ್ಲಿಯವರೆಗೆ ಯಾರನ್ನೂ ಬಿಡುವುದಿಲ್ಲ. ಆಮೇಲೆ ನಂಬರ್ ಚೀಟಿಯ ಕೆಲಸ ಶುರು. ಹಡಗಿನವರೇ ಏರ್ಪಡಿಸಿದ ಟೂರಿಗೆ ದುಡ್ಡು ಕೊಟ್ಟವರು ಮೊದಲು. ದುಬಾರಿ ರೂಮಿನವರಿಗೂ ಸಾಮಾನ್ಯವಾಗಿ ಬೇಗ ಬಿಡುವ ಅನುಕೂಲ ಇರುತ್ತದೆ. ಉಳಿದವರು ಚೀಟಿ ಹಿಡಿದು ಹಡಗಿನ ಥಿಯೇಟರಿನಲ್ಲೋ ಇನ್ನೊಂದು ಹಾಲಿನಲ್ಲೋ ಕೂತು ನಂಬರ್ ಕರೆಯುವುದನ್ನು ಕಾಯಬೇಕು. ಲೆಕ್ಕ ಸುಲಭ. ಒಂದು ದೋಣಿಗೆ 100 ಜನ ಅಂದುಕೊಳ್ಳಿ. 2000 ಜನ ಇಳಿಯಬೇಕಾದರೆ 20 ಸಲ ದೋಣಿ ತುಂಬಬೇಕು. ಹತ್ತಿಸಲು ಹತ್ತು ಹದಿನೈದು ನಿಮಿಷ, ಹೋಗಿ ಬರಲು ಇನ್ನಷ್ಟು. ನಾಲ್ಕು ದೋಣಿ ಓಡಿದರೂ ಬೆಳಗಿನ ಒಳ್ಳೆ ಹೊತ್ತು ಅದರಲ್ಲೇ ಕಳೆಯುತ್ತದೆ.

ನಂಬರ್ ಬಂದಾಗ ಕೆಳಗೆ ಇಳಿಯುತ್ತೀರಿ. ಕಾರ್ಪೆಟ್ಟು, ದೀಪದ ಗೊಂಚಲು ಎಲ್ಲ ಮೇಲೆಯೇ ಉಳಿಯುತ್ತವೆ. ಕೆಳಗಿನ ಡೆಕ್ಕಿನಲ್ಲಿ ಬಿಳಿ ಪೇಂಟು ಬಳಿದ ಕಬ್ಬಿಣ, ತಲೆಯ ಮೇಲೆ ಪೈಪುಗಳು, ಡೀಸೆಲ್ ವಾಸನೆ. ಕಾರ್ಡ್ ತೋರಿಸಿದಾಗ ಮೆಷಿನ್ ಟಿಂಗ್ ಅನ್ನುತ್ತದೆ. ಯಾರು ಹೊರಗಿದ್ದಾರೆ ಅನ್ನುವ ಲೆಕ್ಕ ಅದರಲ್ಲೇ ಇರುವುದು. ಮುಂದೆ ಹಡಗಿನ ಮೈಯಲ್ಲೇ ಒಂದು ದೊಡ್ಡ ಬಾಗಿಲು ತೆರೆದಿರುತ್ತದೆ. ಅದರಾಚೆ ಒಂದು ಸಣ್ಣ ಕಟ್ಟೆ, ಅದರ ಕೆಳಗೇ ಸಮುದ್ರ. ಅಷ್ಟು ದಿನ ಹತ್ತನೇ ಮಹಡಿಯ ಎತ್ತರದಿಂದ ನೋಡಿದ ನೀರು ಇದ್ದಕ್ಕಿದ್ದಂತೆ ಕಾಲಿನ ಹತ್ತಿರ ಇರುತ್ತದೆ. ಅಲ್ಲಿಂದ ನೋಡಿದಾಗ ಅದು ಬೇರೆಯೇ ನೀರು.

ಕಟ್ಟೆಯ ಎರಡೂ ಕಡೆ ಒಬ್ಬೊಬ್ಬ ಸಿಬ್ಬಂದಿ ನಿಂತಿದ್ದರು. ದೋಣಿಯನ್ನು ಮುಂದೆ ಹಿಂದೆ ಹಗ್ಗ ಹಾಕಿ ಬಿಗಿದಿದ್ದರು. ನಡುವೆ ರಬ್ಬರ್ ದಿಂಡು ಕಿರ್ ಅನ್ನುತ್ತಿತ್ತು. ಹಗ್ಗ ಎಷ್ಟೇ ಬಿಗಿದರೂ ದೋಣಿ ಏರುವುದು ಇಳಿಯುವುದು ನಿಲ್ಲುವುದಿಲ್ಲ. ಹಡಗು ದೊಡ್ಡದು, ಅಷ್ಟು ಸಣ್ಣ ಅಲೆಗೆ ಅಲುಗುವುದಿಲ್ಲ. ದೋಣಿ ಸಣ್ಣದು, ಪ್ರತಿ ಅಲೆಗೂ ಅಲುಗುತ್ತದೆ. ಆ ವ್ಯತ್ಯಾಸದಲ್ಲೇ ಇರುವುದು ಅಪಾಯವೆಲ್ಲ.

“ಇದು ಹೀಗೆ ಕುಣೀತದಲ್ಲೇ!” ಅಂದಳು ಅಮ್ಮ, ನನ್ನ ಭುಜ ಹಿಡಿದುಕೊಂಡು.

ಬಲಗಡೆ ನಿಂತಿದ್ದ ಹುಡುಗ ಥಟ್ಟನೆ ತಲೆಯೆತ್ತಿದ. “ಅಮ್ಮ, ಗಡಿಬಿಡಿ ಬೇಡ. ಬ್ಯಾಗ್ ಮಗಳಿಗೆ ಕೊಡಿ. ಎರಡೂ ಕೈ ಖಾಲಿ ಇರ್ಲಿ.”

ಕುಂದಾಪುರ ಕಡೆಯವನಂತೆ. ಹಡಗುಗಳಲ್ಲಿ ಕರಾವಳಿಯ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಅಡುಗೆ ಮನೆಯಿಂದ ಎಂಜಿನ್ ರೂಮಿನವರೆಗೆ. ಅವನು ಅಮ್ಮನ ಬೆರಳು ಹಿಡಿಯಲಿಲ್ಲ. ತನ್ನ ಮುಂಗೈಯನ್ನು ಅವಳ ಮುಂಗೈಗೆ ಜೋಡಿಸಿ, ಮೊಣಕೈಗೆ ಸ್ವಲ್ಪ ಕೆಳಗೆ ಗಟ್ಟಿಯಾಗಿ ಹಿಡಿದ. ಅವಳಿಗೂ ಹಾಗೇ ಹಿಡಿಯಲು ಹೇಳಿದ. ಒಬ್ಬರ ಕೈ ಜಾರಿದರೂ ಇನ್ನೊಬ್ಬರ ಹಿಡಿತ ಉಳಿಯುತ್ತದೆ. ಬೆವರಿದ ಬೆರಳು ಜಾರುವ ಹಾಗೆ ಮುಂಗೈ ಜಾರುವುದಿಲ್ಲ. “ಈಗ ಬೇಡ… ಈಗಲೂ ಬೇಡ… ಮೇಲೆ ಬರ್ಲಿ… ಹಾಂ, ಹೆಜ್ಜೆ ಇಡಿ. ಹಾರಬೇಡಿ.” ದೋಣಿ ಕಟ್ಟೆಯ ಮಟ್ಟಕ್ಕೆ ಬಂದ ಆ ಒಂದು ಕ್ಷಣ ಅಮ್ಮ ಕಾಲಿಟ್ಟಳು. ಆಚೆ ಕಡೆ ದೋಣಿಯವನು ಇನ್ನೊಂದು ಕೈ ಹಿಡಿದ. ಮೊದಲ ಕೈ ಬಿಟ್ಟದ್ದು ಎರಡನೇ ಕೈ ಹಿಡಿದ ಮೇಲೆಯೇ.

ಮರುದಿನ ಅವನು ಸಿಕ್ಕಾಗ ಕೇಳಿದೆ, ಅಷ್ಟು ಜನರನ್ನು ದಾಟಿಸುವಾಗ ಏನು ನೋಡ್ತೀರಿ ಅಂತ. “ಮುಖ ನೋಡ್ಲಿಕ್ಕಿಲ್ಲ ಅಕ್ಕ, ಕಾಲು ನೋಡ್ಬೇಕು. ಯಾರಿಗೆ ಹೆದರಿಕೆ ಅಂತ ಕಾಲೇ ಹೇಳ್ತದೆ. ಹೆದರಿದವರು ಹಾರ್ತಾರೆ. ಹಾರಿದವರೇ ಬೀಳೋದು.” ಅಷ್ಟು ದೊಡ್ಡ ಹಡಗು, ಉಪಗ್ರಹ ನೋಡಿ ಅದನ್ನು ನಿಂತಲ್ಲೇ ನಿಲ್ಲಿಸುವ ಕಂಪ್ಯೂಟರು, ಎಲ್ಲ ಇದೆ. ಕೊನೆಗೆ ಅಮ್ಮನನ್ನು ದೋಣಿಗೆ ದಾಟಿಸಿದ್ದು ಇನ್ನೊಬ್ಬ ಮನುಷ್ಯನ ಕೈ. ಆ ಕೆಲಸ ಮಾಡುವವರ ಮೇಲೆ ನನಗೆ ತುಂಬ ಗೌರವ ಬಂದಿದೆ. ಬಿಸಿಲಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಒಂದೇ ಮಾತನ್ನು ಸಾವಿರ ಸಲ ಹೇಳುತ್ತಾ, ಒಂದು ಸಲವೂ ಗಮನ ತಪ್ಪದೆ ನಿಲ್ಲುವುದು ಸುಲಭವಲ್ಲ.

ಬಾಗಿಲು ಹಡಗಿನ ಯಾವ ಕಡೆ ತೆರೆಯಬೇಕು ಅನ್ನುವುದೂ ಯೋಚನೆ ಮಾಡಿಯೇ ಆಗುವುದು. ಕ್ಯಾಪ್ಟನ್ ಹಡಗನ್ನು ಸ್ವಲ್ಪ ಅಡ್ಡ ತಿರುಗಿಸಿ, ಗಾಳಿ ಒಂದು ಮಗ್ಗುಲಿಗೆ ಬೀಳುವ ಹಾಗೆ ಮಾಡುತ್ತಾರೆ. ಇನ್ನೊಂದು ಮಗ್ಗುಲು ಗಾಳಿಮರೆಯಾಗುತ್ತದೆ. 300 ಮೀಟರ್ ಉದ್ದದ ಹಡಗೇ ಗೋಡೆಯಾಗಿ ನಿಂತಾಗ ಅದರ ಹಿಂದೆ ನೀರು ಸಾಕಷ್ಟು ಶಾಂತವಾಗಿರುತ್ತದೆ. ಗಾಳಿ ದಿಕ್ಕು ಬದಲಾದರೆ ಮತ್ತೆ ತಿರುಗಿಸಬೇಕು. ನಾವು ಮೇಲೆ ಕಾಫಿ ಕುಡಿಯುವಾಗ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ದಿನವಿಡೀ ಇದೇ ಕೆಲಸ.

ಹೆಚ್ಚಿನ ಊರುಗಳಲ್ಲಿ ಈ ದೋಣಿಗಳು ಹಡಗಿನವೇ. ಹಡಗಿನ ಪಕ್ಕದಲ್ಲಿ ಸಾಲಾಗಿ ನೇತಾಡುವ ಲೈಫ್‌ಬೋಟ್‌ಗಳಲ್ಲಿ ಕೆಲವನ್ನು ಎರಡೂ ಕೆಲಸಕ್ಕೆ ಆಗುವ ಹಾಗೆ ಕಟ್ಟಿರುತ್ತಾರೆ. ಅವುಗಳಿಗೆ ಕಿಟಕಿ ದೊಡ್ಡದು, ಸೀಟು ಪರವಾಗಿಲ್ಲ, ಸಾಮಾನ್ಯವಾಗಿ ಎರಡು ಎಂಜಿನ್. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಲೈಫ್‌ಬೋಟಿಗೆ 150 ಜನ ಮಿತಿ. ಓಯಸಿಸ್ ವರ್ಗದಂಥ ಮಹಾ ಹಡಗುಗಳು ವಿಶೇಷ ಒಪ್ಪಿಗೆ ಪಡೆದು 370 ಜನರ ದೋಣಿ ಇಟ್ಟುಕೊಂಡಿವೆ. ದಡಕ್ಕೆ ಕರೆದೊಯ್ಯುವಾಗ ಅದೇ ದೋಣಿಯಲ್ಲಿ ಕಡಿಮೆ ಜನರನ್ನು ಕೂರಿಸುತ್ತಾರೆ. ಪ್ರಾಣ ಉಳಿಸಿಕೊಳ್ಳುವಾಗ ಒತ್ತೊತ್ತಾಗಿ ಕೂರಬಹುದು, ಊರು ನೋಡಲು ಹೋಗುವಾಗ ಹಾಗಾಗದು ಅಲ್ವಾ? ದಿನವೂ ದೋಣಿ ಇಳಿಸಿ ಏರಿಸುವುದರಿಂದ ಇನ್ನೊಂದು ಲಾಭವಿದೆ. ನಿಜವಾದ ಆಪತ್ತು ಬಂದಾಗ ಆ ರಾಟೆ, ತಂತಿ, ಎಂಜಿನ್ ಎಲ್ಲ ಸರಿಯಿದೆ ಅಂತ ಗೊತ್ತಿರುತ್ತದೆ. ನಡೆಸುವವರ ಕೈಯೂ ಪಳಗಿರುತ್ತದೆ.

ಸಾಂಟೊರಿನಿಯಲ್ಲಿ ಹಾಗಲ್ಲ. ಅಲ್ಲಿ ಊರಿನ ದೋಣಿಯವರ ಸಂಘವೇ ಜನರನ್ನು ಸಾಗಿಸುವುದು. ಹಡಗಿನ ದೋಣಿ ಇಳಿಯುವುದಿಲ್ಲ. ಆ ನೀರು ಅವರಿಗೆ ಚೆನ್ನಾಗಿ ಗೊತ್ತು. 2007ರ ಏಪ್ರಿಲ್ 5ರಂದು ಸೀ ಡೈಮಂಡ್ ಅನ್ನುವ ಕ್ರೂಸ್ ಹಡಗು ಇಲ್ಲೇ ಬಂಡೆಗೆ ಬಡಿಯಿತು. ಅದರಲ್ಲಿ 1500ಕ್ಕೂ ಹೆಚ್ಚು ಜನ ಇದ್ದರು. ಜನರನ್ನು ದಾಟಿಸಲು ಊರಿನ ದೋಣಿಗಳೂ ಹೋದವು. ಹೆಚ್ಚುಕಮ್ಮಿ ಎಲ್ಲರೂ ಬದುಕಿದರು. ಫ್ರಾನ್ಸಿನ ಇಬ್ಬರು ಮಾತ್ರ ಸಿಗಲೇ ಇಲ್ಲ. ಹಡಗು ಮರುದಿನ ಮುಳುಗಿತು. ಈಗಲೂ ಅದು ಅಲ್ಲೇ ಕೆಳಗಿದೆ.

ದೋಣಿ ನಿಮ್ಮನ್ನು ಬಂಡೆಯ ಬುಡದ ಹಳೆ ಬಂದರಿಗೆ ಬಿಡುತ್ತದೆ. ಅಲ್ಲಿಂದ ಊರು ಸುಮಾರು 220 ಮೀಟರ್ ಮೇಲೆ. ಸಾವಿರಾರು ಜನ ನಿಜವಾಗಿ ಕಾಯುವುದು ಇಲ್ಲಿ. ಒಂದೋ 588 ಮೆಟ್ಟಿಲು ಹತ್ತಬೇಕು, ಇಲ್ಲಾ ಹೇಸರಗತ್ತೆ ಏರಬೇಕು, ಇಲ್ಲಾ ಕೇಬಲ್ ಕಾರು ಹಿಡಿಯಬೇಕು. ಮೆಟ್ಟಿಲು ಹತ್ತುವ ಶಕ್ತಿ ಅಮ್ಮನಿಗಿಲ್ಲ. ಆ ಬಿಸಿಲಲ್ಲಿ ಜನರನ್ನು ಹೊತ್ತು ಏರುವ ಪ್ರಾಣಿಗಳನ್ನು ನೋಡಿದ ಮೇಲೆ ಅದರ ಬೆನ್ನೇರಲು ಮನಸ್ಸೂ ಬರಲಿಲ್ಲ. ಕೇಬಲ್ ಕಾರಿನ ಸಾಲಿನಲ್ಲೇ ನಿಂತೆವು. ಮೇಲೆ ಹೋದಾಗ ಊರಿನ ಓಣಿಯಲ್ಲಿ ಕಾಲಿಡಲೂ ಜಾಗವಿಲ್ಲ. 2025ರಿಂದ ದಿನಕ್ಕೆ 8000 ಕ್ರೂಸ್ ಪ್ರವಾಸಿಗರು ಅಂತ ಮಿತಿ ಹಾಕಿದ್ದಾರೆ. ಆ ವರ್ಷದ ಜುಲೈನಿಂದ ಜನಜಂಗುಳಿಯ ತಿಂಗಳುಗಳಲ್ಲಿ ಇಲ್ಲಿ ಇಳಿಯುವ ಒಬ್ಬೊಬ್ಬರಿಗೂ 20 ಯೂರೋ ಶುಲ್ಕವೂ ಇದೆ. ಆ ಓಣಿಯಲ್ಲಿ ನಡೆದವರಿಗೆ ಅದು ಜಾಸ್ತಿ ಅನ್ನಿಸುವುದಿಲ್ಲ.

ಅಪ್ಪ ಹಡಗಿನಿಂದ ಇಳಿಯಲಿಲ್ಲ. ಇಳಿಯಲಾಗಲಿಲ್ಲ. ಎರಡೂ ಮಂಡಿ ಸವೆದಿವೆ, ಕೋಲಿಲ್ಲದೆ ನಡೆಯಲಾರರು. ಯಾರು ಬೇಕಾದರೂ ಇಳಿಯಬಹುದು ಅಂತ ಟಿಕೆಟ್ ಬುಕ್ ಮಾಡಿಕೊಟ್ಟವರು ಹೇಳಿದ್ದರು. ಹಡಗಿನಲ್ಲಿ ಕೊಟ್ಟ ಕಾಗದದಲ್ಲಿ ಬೇರೆ ಇತ್ತು. ಹೆಜ್ಜೆಯನ್ನು ಅವರೇ ಇಡಬೇಕು. ಸಿಬ್ಬಂದಿ ಕೈ ಹಿಡಿಯುತ್ತಾರೆ, ಎತ್ತಿಕೊಳ್ಳುವುದಿಲ್ಲ. ಬ್ಯಾಟರಿ ಕುರ್ಚಿಗೆ ಅವಕಾಶವೇ ಇಲ್ಲ. ಆ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಕಟ್ಟೆಗೂ ದೋಣಿಗೂ ನಡುವೆ ಕಾಲು ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಯೋಚಿಸಿದರೆ ಮೈ ನಡುಗುತ್ತದೆ. “ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ನೋಡ್ತೇನೆ,” ಅಂದರು ಅಪ್ಪ. ಅವರು ಬೇಜಾರು ತೋರಿಸುವವರಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರಿದೆ. ಇಷ್ಟು ದೂರ ಬಂದು ಒಂದು ಹೆಜ್ಜೆಯಿಂದ ತಪ್ಪಿತಲ್ಲ ಅಂತ.

ಆ ಒಂದು ಹೆಜ್ಜೆಯನ್ನು ಸುಲಭ ಮಾಡಲು ಕೆಲವರು ತಲೆ ಓಡಿಸಿದ್ದಾರೆ. ಹಾಲೆಂಡ್ ಅಮೆರಿಕಾ ಕಂಪನಿಯ ಹಡಗುಗಳಲ್ಲಿ ಗಾಲಿಕುರ್ಚಿಯನ್ನು ಅದರಲ್ಲಿ ಕೂತವರ ಸಮೇತ ಟೆಂಡರಿಗೆ ದಾಟಿಸುವ ವ್ಯವಸ್ಥೆ ಮಾಡಿದರು. 2018ರಲ್ಲಿ ನೀರಿಗಿಳಿದ ಸೆಲೆಬ್ರಿಟಿ ಎಡ್ಜ್ ಹಡಗಿನ ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ದೊಡ್ಡ ವೇದಿಕೆ ಇದೆ. ಲಿಫ್ಟಿನ ಹಾಗೆ ಹಡಗಿನ ಹೊರಮೈಯಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಮೇಲಿರುವಾಗ ಊಟದ ಜಾಗ, ಎರಡನೇ ಡೆಕ್ಕಿಗೆ ಇಳಿಸಿದಾಗ ದೋಣಿ ಹತ್ತುವ ಅಗಲವಾದ ಕಟ್ಟೆ. ನಾರ್ವೆಯ ಗೈರಾಂಗರ್‌ನಲ್ಲಿ ಇನ್ನೂ ಜಾಣತನ ತೋರಿಸಿದ್ದಾರೆ. ಆ ಕಡಲಕಣಿವೆಯನ್ನು ಕಾಂಕ್ರೀಟ್ ಧಕ್ಕೆ ಕಟ್ಟಿ ಹಾಳು ಮಾಡುವುದು ಬೇಡ ಅಂತ, 200 ಮೀಟರಿಗೂ ಉದ್ದದ ತೇಲುವ ಕಾಲುದಾರಿ ಮಾಡಿದ್ದಾರೆ. ಹಡಗು ಬಂದಾಗ ದಡದಿಂದ ಹೊರಳಿ ಹಡಗಿನ ಬಾಗಿಲಿಗೇ ಹೋಗಿ ಸೇರುತ್ತದೆ. ಜನ ನಡೆದುಕೊಂಡೇ ಬರುತ್ತಾರೆ. ಹಡಗು ಹೋದ ಮೇಲೆ ದಡಕ್ಕೆ ಮಡಚಿಟ್ಟರೆ ಮುಗಿಯಿತು.

ಹಾಗಾದರೆ ಎಲ್ಲ ಕಡೆ ಧಕ್ಕೆ ಕಟ್ಟಿಬಿಟ್ಟರೆ ಆಗದೇ? ಈ ಪ್ರಶ್ನೆಯನ್ನು ಗ್ರ್ಯಾಂಡ್ ಕೇಮನ್ ಜನ ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ. ಕೆರಿಬಿಯನ್ ಸಮುದ್ರದ ಈ ಪುಟ್ಟ ದ್ವೀಪಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಕ್ರೂಸ್ ಪ್ರವಾಸಿಗರು ಬರುತ್ತಾರೆ. ಆದರೂ ರಾಜಧಾನಿ ಜಾರ್ಜ್ ಟೌನ್‌ನಲ್ಲಿ ಕ್ರೂಸ್ ಹಡಗಿಗೆ ಧಕ್ಕೆ ಇಲ್ಲ. ಊರಿನವರದೇ ದೊಡ್ಡ ದೋಣಿಗಳು ಜನರನ್ನು ಸಾಗಿಸುತ್ತವೆ. ವಾಯವ್ಯದ ಗಾಳಿ ಜೋರಾದಾಗ ಹಡಗುಗಳು ದ್ವೀಪದ ದಕ್ಷಿಣಕ್ಕೆ, ಸ್ಪಾಟ್ಸ್ ಅನ್ನುವ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಅಲ್ಲೂ ಆಗದಿದ್ದರೆ ಮುಂದಿನ ಊರು. ತೀರಾ ದೊಡ್ಡ ಹಡಗುಗಳು ಧಕ್ಕೆ ಇಲ್ಲ ಅಂತ ಬರುವುದೇ ಇಲ್ಲ. ಸರ್ಕಾರ ಧಕ್ಕೆ ಕಟ್ಟುತ್ತೇವೆ ಅಂತ ಹೊರಟಾಗ ಜನ ತಡೆದರು. ಬಂದರಿನ ಹತ್ತಿರವೇ ಹವಳದ ದಿಬ್ಬಗಳಿವೆ. ಹೂಳೆತ್ತಿದರೆ ಅವು ಸಾಯುತ್ತವೆ ಅನ್ನುವುದು ಅವರ ಆತಂಕ. 2019ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮತದಾರರ ಸಹಿ ಸಂಗ್ರಹಿಸಿ, ಇದನ್ನು ಜನಮತಕ್ಕೆ ಹಾಕಿ ಅಂತ ಒತ್ತಾಯಿಸಿದರು. ಆ ಯೋಜನೆ ಬಿದ್ದುಹೋಯಿತು. 2025ರ ಏಪ್ರಿಲ್ 30ರಂದು ಚುನಾವಣೆಯ ಜೊತೆಗೇ ಮತ್ತೆ ಜನರನ್ನು ಕೇಳಿದರು. ಹೆಚ್ಚಿನವರು ಬೇಡ ಅಂದರು.

ಧಕ್ಕೆ ಬೇಕು ಅಂದವರ ಮಾತಿನಲ್ಲೂ ಹುರುಳಿತ್ತು. ಅಂಗಡಿ, ಟ್ಯಾಕ್ಸಿ ನಡೆಸುವವರ ಹೊಟ್ಟೆಪಾಡು ಹಡಗನ್ನೇ ನಂಬಿದೆ. ಆದರೂ ನನ್ನ ಮನಸ್ಸು ಬೇಡ ಅಂದವರ ಕಡೆಗೇ. ಹಡಗಿಗೂ ದಡಕ್ಕೂ ನಡುವೆ ಆ ಸ್ವಲ್ಪ ನೀರು ಇರುವ ತನಕ ಎಷ್ಟು ಜನ, ಎಷ್ಟು ಹೊತ್ತಿಗೆ ಬರಬೇಕು ಅನ್ನುವುದರ ಮೇಲೆ ಊರಿಗೆ ಒಂದು ಹಿಡಿತ ಇರುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲೂ ಹಡಗುಗಳು ಹೊರಗೇ ನಿಂತು ದೋಣಿಯಲ್ಲಿ ಜನರನ್ನು ಕಳಿಸುತ್ತವೆ. ಅಲ್ಲಿನ ಮತದಾರರು 2022ರಲ್ಲಿ ದಿನಕ್ಕೆ 1000 ಜನ ಸಾಕು ಅಂತ ತೀರ್ಮಾನಿಸಿದರು. ಹವಳ ಸತ್ತರೆ ಮತ್ತೆ ಬೆಳೆಯಲು ಎಷ್ಟು ತಲೆಮಾರು ಬೇಕೋ. ಧಕ್ಕೆ ಒಮ್ಮೆ ಕಟ್ಟಿದರೆ ಅದನ್ನು ತುಂಬುವಷ್ಟು ದೊಡ್ಡ ಹಡಗು ಬಂದೇ ಬರುತ್ತದೆ. ಆದರೆ ಅದೇ ನೀರು ಅಪ್ಪನಂಥವರನ್ನು ಹೊರಗೇ ಇಡುತ್ತದೆ. ಅದಕ್ಕೇ ಗೈರಾಂಗರ್‌ನಂಥ ಉಪಾಯಗಳು ನನಗೆ ಇಷ್ಟ. ಊರನ್ನೂ ಕೆಡಿಸುವುದಿಲ್ಲ, ಮಂಡಿ ನೋವಿನವರನ್ನೂ ಬಿಟ್ಟು ಹೋಗುವುದಿಲ್ಲ. ಹೊಸ ಹಡಗು ಕಟ್ಟುವಾಗ ಜಾರುಬಂಡೆ, ಐಸ್ ಸ್ಕೇಟಿಂಗ್ ಅಂತ ಏನೇನೋ ಸೇರಿಸುತ್ತಾರೆ. ಅದರಲ್ಲಿ ಒಂದು ಪಾಲು ಈ ಕಟ್ಟೆಯ ಮೇಲೆ ಖರ್ಚು ಮಾಡಲಿ.

ಇನ್ನೊಂದು ಮಾತು. ಟೆಂಡರ್ ಬಂದರು ಅಂದರೆ ಇಳಿದೇ ಇಳಿಯುತ್ತೀರಿ ಅಂತ ಗ್ಯಾರಂಟಿ ಇಲ್ಲ. ಅಲೆ ಜಾಸ್ತಿಯಿದ್ದರೆ ಕ್ಯಾಪ್ಟನ್ ಆ ಊರನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಬೆಳಗ್ಗೆ ಸಮುದ್ರ ತಣ್ಣಗೆ ಕಂಡರೂ ಬಿಡಬಹುದು. ಅವರು ನೋಡುವುದು ಇಳಿಸುವ ಹೊತ್ತಿನ ಅಲೆಯನ್ನಷ್ಟೇ ಅಲ್ಲ. ಸಾಯಂಕಾಲ ಸಾವಿರಾರು ಜನರನ್ನು ವಾಪಸ್ ಹತ್ತಿಸಲು ಆಗುತ್ತದೆಯೇ ಅಂತಲೂ ನೋಡುತ್ತಾರೆ. ಸ್ಪೀಕರಿನಲ್ಲಿ ಅಂಥ ಮಾತು ಕೇಳಿಬಂದಾಗ ಜನ ರೇಗುವುದು ಸಹಜ. ಆ ಕಟ್ಟೆಯ ಅಂಚಿನಲ್ಲಿ ನಿಂತು ನೋಡಿದ ಮೇಲೆ ನನಗಂತೂ ಬೇಡ ಅನ್ನುವ ಕ್ಯಾಪ್ಟನ್ ಮೇಲೆಯೇ ನಂಬಿಕೆ ಜಾಸ್ತಿ.

ಹಿರಿಯರನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮುಂಚೆ ಯಾವ ಯಾವ ಊರಿನಲ್ಲಿ ಹಡಗು ಧಕ್ಕೆಗೆ ಬರುತ್ತದೆ, ಯಾವುದರಲ್ಲಿ ಟೆಂಡರ್ ಅಂತ ಕೇಳಿ. ಏಜೆಂಟರನ್ನಲ್ಲ, ಹಡಗಿನ ಕಂಪನಿಯನ್ನೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒಂದು ಅಡಿ ಎತ್ತರದ ಅಲುಗಾಡುವ ಮೆಟ್ಟಿಲನ್ನು ಕೈ ಹಿಡಿದುಕೊಂಡು ಹತ್ತಲು ಅವರಿಗಾಗುತ್ತದೆಯೇ ಅಂತ ಮನೆಯಲ್ಲೇ ಯೋಚಿಸಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಶೂ ಇರಲಿ. ಸೀರೆಯಾದರೆ ನೆರಿಗೆಯನ್ನು ಸ್ವಲ್ಪ ಮೇಲೆ ಸಿಕ್ಕಿಸಿ. ಬ್ಯಾಗು ಬೆನ್ನಿಗೆ, ಫೋನು ಜೇಬಿಗೆ. ಬೆಳಗ್ಗೆ ಸುಸ್ತಾಗದೆ ಇಳಿಯಬೇಕು ಅಂದರೆ ಮೊದಲ ನೂಕುನುಗ್ಗಲು ಮುಗಿಯಲು ಬಿಡಿ. ಹತ್ತು ಹನ್ನೊಂದು ಗಂಟೆಯ ಮೇಲೆ ಎಷ್ಟೋ ಸಲ ಚೀಟಿಯೇ ಬೇಕಾಗುವುದಿಲ್ಲ. ವಾಪಸ್ ಬರುವಾಗ ಮಾತ್ರ ಹೊತ್ತು ಮಾಡಬೇಡಿ. ಕೊನೆಯ ದೋಣಿಯ ಸಮಯವನ್ನು ಬರೆದಿಟ್ಟುಕೊಳ್ಳಿ. ಸಾಂಟೊರಿನಿಯಾದರೆ ಕೇಬಲ್ ಕಾರಿನ ಸಾಲಿಗೇ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಸಾಯಂಕಾಲ ಎಲ್ಲ ಹಡಗಿನವರೂ ಒಟ್ಟಿಗೇ ಕೆಳಗಿಳಿಯುವುದು.